ಆಲ್ರೆಡಿ ಹೊರಟ ಬೀಗರು, ಆರುನೂರಿಪ್ಪತ್ತು ಮುದ್ದೆ

ಕೊರೊನಾ ಕಳೆದು, ಎರಡು ವರ್ಷ ತಡೆದು ನಿಂತಿದ್ದ ಮದುವೆಗಳೆಲ್ಲ ಒಂದೇ ಸಲ ನುಗ್ಗಿದ ವರ್ಷ ಅದು. ಆಗ ನಾನು ಐದು ಜನ ಹೆಂಗಸರ ಮುದ್ದೆ ತಂಡದ ಯಜಮಾನಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಯಾರ ಮನೆಯ ಬೀಗರ ಊಟವಾದರೂ, ತಿಥಿಯಾದರೂ, ಮುದ್ದೆಗೆ ನಮಗೇ ಹೇಳಿಕಳಿಸುತ್ತಿದ್ದರು. ಈಗ ಮಂಡಿ ಹಿಡಿದಿದೆ, ಮುದ್ದೆ ಕೋಲನ್ನು ತಂಡದ ಪುಟ್ಟಲಕ್ಷ್ಮಿಯ ಕೈಗೆ ಕೊಟ್ಟಿದ್ದೇನೆ. ಮೂವತ್ತೆರಡು ವರ್ಷ ಮಾಡಿದ ಕೆಲಸದಲ್ಲಿ ಒಂದು ದಿನದ ಮಾತ್ರ ಇಲ್ಲಿ ಬರೆಯುತ್ತೇನೆ. ಮಿಕ್ಕ ದಿನಗಳಲ್ಲಿ ಬರೆಯುವಂಥದ್ದೇನೂ ಇಲ್ಲ. ಹಿಟ್ಟು ಹಾಕಿದೆವು, ತಿರುವಿದೆವು, ಜನ ಉಂಡರು.

ಬೀಗರ ಊಟ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮದುವೆಯಲ್ಲಿ ಸಿಹಿಯೂಟ. ಅದಾಗಿ ನಾಲ್ಕೈದು ದಿನಕ್ಕೆ ಗಂಡಿನ ಕಡೆಯವರನ್ನು ಹೆಣ್ಣಿನ ಕಡೆಯವರು, ಹೆಣ್ಣಿನ ಕಡೆಯವರನ್ನು ಗಂಡಿನ ಕಡೆಯವರು ಕರೆದು ಬಾಡೂಟ ಹಾಕುತ್ತಾರೆ. ಮದುವೆಯ ಊಟವನ್ನು ಜನ ಮರೆಯುತ್ತಾರೆ, ಇದನ್ನು ಮರೆಯುವುದಿಲ್ಲ. ಬಾಡು ಬೇಯಿಸುವವರು ಬೇರೆ, ಮುದ್ದೆ ಮಾಡುವವರು ಬೇರೆ. ಒಂದು ಕೆ.ಜಿ. ರಾಗಿ ಹಿಟ್ಟಿಗೆ ಹತ್ತು ಮುದ್ದೆ ಲೆಕ್ಕ. ಎಸರು ಅಂದರೆ ಮುದ್ದೆಗೆ ಇಟ್ಟ ನೀರು. ಅದು ಮಳ್ಳುವಾಗ, ಅಂದರೆ ಕುದಿಯುವಾಗ, ಹಿಟ್ಟು ಹಾಕಿ, ಕಾಲು ಗಂಟೆ ಬೇಯಲು ಬಿಟ್ಟು, ಆಮೇಲೆ ಇಬ್ಬರು ನಿಂತು ಕೋಲಿನಲ್ಲಿ ತಿರುವಬೇಕು. ಗಂಟು ಉಳಿಯಬಾರದು. ಕೈಗೆ ತಣ್ಣೀರು ಮುಟ್ಟಿಸಿಕೊಂಡು ಸುಡುತ್ತಿರುವಾಗಲೇ ಉಂಡೆ ಕಟ್ಟಬೇಕು. ಹಿಟ್ಟು ಹಾಕಿದ್ದರಿಂದ ಎಲೆಗೆ ಬೀಳುವ ತನಕ ಇಪ್ಪತ್ತೈದು ನಿಮಿಷ. ಎಲೆಗೆ ಬಿದ್ದ ಮೇಲೆ ಅದು ನನ್ನ ಕೆಲಸವಲ್ಲ.

ಮುದ್ದೆಯ ತೊಂದರೆ ಏನೆಂದರೆ ಅದು ಕಾಯುವುದಿಲ್ಲ. ಬಿರಿಯಾನಿ ಕಾಯುತ್ತದೆ, ಸಾರು ಕಾದಷ್ಟೂ ರುಚಿ. ಮುದ್ದೆ ಒಂದು ಗಂಟೆ ಆಚೆ ಇದ್ದರೆ ಮೇಲೆ ಸಿಪ್ಪೆ ಕಟ್ಟುತ್ತದೆ. ಹಾಟ್ ಬಾಕ್ಸಿನಲ್ಲಿ ತುಂಬಿದರೆ ಬೆವೆತು ಒಂದಕ್ಕೊಂದು ಅಂಟಿಕೊಂಡು, ಎತ್ತಿದರೆ ಐದು ಒಟ್ಟಿಗೆ ಮೇಲೆದ್ದು ಬರುತ್ತವೆ. ಆದ್ದರಿಂದ ನಮ್ಮ ಕಸುಬಿನಲ್ಲಿ ರಾಗಿಗಿಂತ ಮುಖ್ಯವಾದದ್ದು, ಉಣ್ಣುವವರು ಈಗ ಎಲ್ಲಿದ್ದಾರೆ ಅನ್ನೋದು.

ಅದನ್ನು ತಿಳಿಯುವುದೇ ಕಷ್ಟ. ಯಾಕೆಂದರೆ ನಮ್ಮ ಕಡೆ ಇಂಗ್ಲಿಷಿನ ಒಂದಕ್ಷರ ಬಾರದವರಿಗೂ ಬರುವ ಇಂಗ್ಲಿಷು ಒಂದಿದೆ, ಆಲ್ರೆಡಿ. ಫೋನಿನಲ್ಲಿ ‘ಎಲ್ಲಿದ್ದೀರಿ’ ಅಂತ ಕೇಳಿದರೆ, ತಲೆಗೆ ಸೋಪು ಹಾಕಿಕೊಂಡು ನಿಂತವನೂ ‘ಆಲ್ರೆಡಿ ಹೊರಟ್ವಿ’ ಅನ್ನುತ್ತಾನೆ. ಅದು ಸುಳ್ಳು ಅಂತ ಹೇಳುವವನಿಗೂ ಗೊತ್ತು, ಕೇಳುವವನಿಗೂ ಗೊತ್ತು. ಎದುರಿನವರಿಗೆ ಬೇಜಾರಾಗದಿರಲಿ ಅಂತ ಹೇಳುವ ಮರ್ಯಾದೆಯ ಮಾತು ಅದು. ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೆ. ‘ಆಲ್ರೆಡಿ ಹೊರಟ್ವಿ’ ಅಂದರೆ ಇನ್ನೂ ಹೆಂಗಸರು ಸೀರೆ ಉಡುತ್ತಿದ್ದಾರೆ. ‘ಆಲ್ರೆಡಿ ಅರ್ಧ ದಾರೀಲಿದೀವಿ’ ಅಂದರೆ ಈಗ ಬಸ್ಸು ಹತ್ತುತ್ತಿದ್ದಾರೆ. ‘ಆಲ್ರೆಡಿ ಬಂದ್ಬುಟ್ವಿ’ ಅಂದರೆ ಹಿಟ್ಟು ಜರಡಿ ಹಿಡಿಯಬಹುದು. ಇಷ್ಟಾದರೂ ನಂಬುತ್ತಿರಲಿಲ್ಲ, ಫೋನನ್ನು ಡ್ರೈವರ್ ಕೈಗೆ ಕೊಡಿ ಅನ್ನುತ್ತಿದ್ದೆ. ಡ್ರೈವರಿಗೆ ಯಾರ ಮುಲಾಜೂ ಇರುವುದಿಲ್ಲ.

ಆ ಸಲದ ಊಟ ತಮ್ಮೇಗೌಡ ಮೇಷ್ಟ್ರದು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದವರು. ಒಬ್ಬಳೇ ಮಗಳು, ಕಾವ್ಯ. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆಗೆ ಕೊಟ್ಟಿದ್ದರು. ಊಟ ಇಟ್ಟುಕೊಂಡಿದ್ದು ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ರಸ್ತೆಯಲ್ಲಿದ್ದ ಒಂದು ಸಮುದಾಯ ಭವನದಲ್ಲಿ.

ಹೇಳಲು ಬಂದ ದಿನವೇ ಮೇಷ್ಟ್ರ ಮುಖ ಸರಿಯಿರಲಿಲ್ಲ. ಸಂಗತಿ ಏನೆಂದರೆ, ನಿಶ್ಚಿತಾರ್ಥದ ದಿನ ಅವರ ಮನೆಯಲ್ಲಿ ಊಟ ತಣ್ಣಗಾಗಿತ್ತು. ಆ ಅಡಿಗೆ ನಮ್ಮದಲ್ಲ. ಶಾಸ್ತ್ರ ಎಳೆದೂ ಎಳೆದೂ ಎರಡು ಗಂಟೆ ತಡವಾಗಿ, ಎಲೆಗೆ ಬಂದ ಹೋಳಿಗೆ ರಟ್ಟಿನ ಹಾಗಿತ್ತಂತೆ. ಗಂಡಿನ ಸೋದರತ್ತೆ ಗೌರಮ್ಮ ಅನ್ನುವವರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಇದನ್ನ ಉಣ್ಣಕ್ಕೆ ಕೊಟ್ರಾ, ಬೀಸ್ಕೊಳಕ್ಕೆ ಕೊಟ್ರಾ?’ ಅಂದರಂತೆ. ಜನ ನಕ್ಕರು. ಅಲ್ಲಿಗೆ ಮುಗಿಯಲಿಲ್ಲ. ಮದುವೆಯಾಗಿ ಹೋದ ಎರಡೇ ದಿನದಲ್ಲಿ ಹುಡುಗಿಗೆ ಆ ಮನೆಯಲ್ಲಿ ಹೊತ್ತು ಹೊತ್ತಿಗೂ ಅದೇ ಮಾತು. ಅವಳು ಒಂದು ಲೋಟ ಕಾಫಿ ಕೊಟ್ಟರೂ, ಅದೇ ಮನೆಯಲ್ಲಿರುವ ಗೌರಮ್ಮ ಲೋಟ ಮುಟ್ಟಿ ನೋಡಿ, ‘ಇವರ ಅಟ್ಟೀಲಿ ತಣ್ಣಗೇ ಕುಡಿಯದು ಕಣವ್ವ’ ಅನ್ನುವುದು.

‘ಚಿಕ್ಕತಾಯಮ್ಮ, ನನ್ನ ಮಗಳು ಆ ಮನೇಲಿ ತಲೆ ಎತ್ತಬೇಕು ಅಂದ್ರೆ ಈ ಊಟ ಬಿಸಿಯಾಗಿರಬೇಕು. ಇನ್ನೇನೂ ಕೇಳಲ್ಲ ನಾನು’ ಅಂದರು ಮೇಷ್ಟ್ರು.

‘ನಮ್ಮ ಕಡೆ ಯೋಚ್ನೆ ಬುಡಿ. ನಿಮ್ಮ ಬೀಗ್ರನ್ನ ಒತ್ತಿಗೆ ಸರಿಯಾಗಿ ಬರೋಕೇಳಿ’ ಅಂದೆ.

ಆ ದಿನ ಬೆಳಗ್ಗೆ ಎಂಟಕ್ಕೆ ನಾವು ಭವನದ ಹಿಂದಿನ ಶೆಡ್ಡಿನಲ್ಲಿದ್ದೆವು. ಬಿರಿಯಾನಿ ಮತ್ತು ಬಾಡಿನ ಸಾರಿಗೆ ಹುಣಸೂರಿನ ಬಾಷಣ್ಣ ಬಂದಿದ್ದರು. ನಾನೂ ಅವರೂ ಎಷ್ಟೋ ವರ್ಷದಿಂದ ಪಕ್ಕ ಪಕ್ಕದ ಒಲೆಯಲ್ಲಿ ಜಗಳ ಆಡಿಕೊಂಡು ಬಂದವರು. ಒಟ್ಟು ಆರುನೂರು ಜನ: ಬೀಗರು ನೂರೈವತ್ತು, ಮಿಕ್ಕವರು ಮೇಷ್ಟ್ರ ಊರಿನವರು, ನೆಂಟರು, ಹಳೆ ಶಿಷ್ಯರು. ನಾನು ಅರವತ್ತಾರು ಕೆ.ಜಿ. ಹಿಟ್ಟು ತಂದಿದ್ದೆ. ನನ್ನ ಕ್ರಮ ಏನೆಂದರೆ, ಪಂಕ್ತಿ ಪಂಕ್ತಿಗೆ ಬೇರೆ ಬೇರೆ ಎಸರು. ಮೊದಲ ಪಂಕ್ತಿ ಕೂತಾಗ ಮೊದಲನೆಯದು, ಅವರು ಮಜ್ಜಿಗೆಗೆ ಬರುವಾಗ ಎರಡನೆಯದಕ್ಕೆ ಹಿಟ್ಟು.

ಮೇಷ್ಟ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಬಿಳಿ ಪಂಚೆ ಎತ್ತಿಕಟ್ಟಿ ಶೆಡ್ಡಿಗೆ ಬಂದು, ‘ಎಲ್ಲ ಮುಂಚೇನೇ ಮುಗ್ದಿರಬೇಕು. ಅವರು ಬಂದು ಕೂತ ಮೇಲೆ ಒಂದು ನಿಮಿಷ ಕಾಯಿಸಬಾರದು. ಪೂರ್ತಿ ಆರುನೂರಿಪ್ಪತ್ತೂ ಆಗಿಬಿಡಲಿ’ ಅಂದರು.

‘ಮೇಷ್ಟ್ರೇ, ಇದು ಪರೀಕ್ಷೆ ಪೇಪರಲ್ಲ, ಹಿಂದಿನ ದಿನ ಬರೆದು ಬೀರುವಲ್ಲಿ ಮಡಗಕ್ಕೆ.’

‘ನಿಶ್ಚಿತಾರ್ಥದಲ್ಲಿ ತಡ ಆಗಿದ್ದಕ್ಕೇ ಅಲ್ವಾ ಇಷ್ಟೆಲ್ಲ?’

‘ತಡ ಆಗಿದ್ದಕ್ಕಲ್ಲ. ಮುಂಚೆ ಮಾಡಿ ಮಡಗಿದ್ದಕ್ಕೆ.’

ಬಾಷಣ್ಣ ಬಿರಿಯಾನಿ ಪಾತ್ರೆಯ ಬಾಯಿಗೆ ಮೈದಾ ಮೆತ್ತುತ್ತಾ, ‘ನಂದು ನೋಡು ತಾಯಮ್ಮ, ಸೀಲ್ ಹಾಕ್ಬುಟ್ರೆ ಸಂಜೆ ಗಂಟ ಬಿಸಿ. ನೀನೂ ಬಿರಿಯಾನಿ ಕಲ್ತ್ಕೊ’ ಅಂದರು.

‘ನೀನು ಮೊದ್ಲು ಅಕ್ಕಿ ಮುರೀದಂಗೆ ಬೇಯ್ಸದು ಕಲ್ತ್ಕೊ ಬಾಷಣ್ಣ’ ಅಂದೆ.

ಅಷ್ಟರಲ್ಲಿ ಮೇಷ್ಟ್ರು ಎರಡೂ ಕೈ ಜೋಡಿಸಿ ನಿಂತುಬಿಟ್ಟರು. ಎಪ್ಪತ್ತರ ಹತ್ತಿರದ ಮನುಷ್ಯ, ನನ್ನ ಮುಂದೆ ಕೈ ಮುಗಿದರು. ಜೋರು ಮಾಡಿದ್ದರೆ ನಾನೂ ಜೋರು ಮಾಡುತ್ತಿದ್ದೆ. ಕೈ ಮುಗಿದವರಿಗೆ ಏನು ಹೇಳುವುದು? ಆಗಲಿ ಅಂದೆ. ಅದು ನನ್ನ ಮೊದಲನೇ ತಪ್ಪು.

ಹನ್ನೊಂದೂಮುಕ್ಕಾಲಿಗೆ ಬೀಗರಿಗೆ ಫೋನು ಮಾಡಿದರು. ‘ಆಲ್ರೆಡಿ ಹುಣಸೂರು ದಾಟಿದ್ವಿ’ ಅಂತ ಉತ್ತರ ಬಂತು. ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಫೋನು ಇಸಿದುಕೊಂಡು ಡ್ರೈವರಿಗೆ ಕೊಡಿ ಅಂದೆ. ಡ್ರೈವರು, ‘ಕಂಪಲಾಪುರದ ಸಂತೆಮಾಳದತ್ರ ಇದೀನಿ ಕಣಮ್ಮ, ಮುಂದೆ ಟ್ರಾಕ್ಟರ್ ಅಡ್ಡ’ ಅಂದ. ಹಿಂದೆ ಟ್ರಾಕ್ಟರ್ ಹಾರನ್ನೂ ಕೇಳಿಸಿತು. ನಿಜ ಹೇಳುತ್ತಿದ್ದ. ಅಲ್ಲಿಂದ ಭವನಕ್ಕೆ ಅರ್ಧ ಗಂಟೆ ಸಾಕು. ನಾನು ಐದೂ ಕೊಪ್ಪರಿಗೆಗೆ ಹಿಟ್ಟು ಹಾಕಿಸಿದೆ. ಮೂವತ್ತೆರಡು ವರ್ಷದಲ್ಲಿ ಮೊದಲನೇ ಸಲ ಆಲ್ರೆಡಿ ಅನ್ನುವ ಮಾತು ನಿಜವಾಗಿತ್ತು, ಅವತ್ತೇ ನಾನು ಕೆಟ್ಟೆ.

ಊರಿನ ಹತ್ತು ಹೆಂಗಸರನ್ನೂ ಸೇರಿಸಿಕೊಂಡು ಹನ್ನೆರಡೂ ಇಪ್ಪತ್ತಕ್ಕೆ ಆರುನೂರಿಪ್ಪತ್ತು ಮುದ್ದೆ ಕಟ್ಟಿ ಮುಗಿಸಿದೆವು. ಬಟ್ಟೆ ಹಾಸಿದ ಬುಟ್ಟಿಗಳಲ್ಲಿ ಸಾಲಾಗಿ ಕೂತಿದ್ದವು, ಹೊಗೆ ಆಡುತ್ತಿತ್ತು. ಪುಟ್ಟಲಕ್ಷ್ಮಿಯ ಕೈ ಕೆಂಪಗಾಗಿತ್ತು. ನಾನು ಬಾಗಿಲಿಗೆ ಬಂದು ನೋಡಿದೆ. ಗೇಟಿನಲ್ಲಿ ಮೇಷ್ಟ್ರು ಹಾರ ಹಿಡಿದು ನಿಂತಿದ್ದರು, ಅವರ ಹೆಂಡತಿ ಪನ್ನೀರು ದಾನಿ ಹಿಡಿದಿದ್ದರು, ಪಕ್ಕದಲ್ಲಿ ವಾಲಗದವರು. ದೂರದಲ್ಲಿ ಎರಡು ಬಸ್ಸು ಕಂಡವು. ವಾಲಗ ಶುರುವಾಯಿತು. ಮೇಷ್ಟ್ರು ಒಂದು ಹೆಜ್ಜೆ ಮುಂದೆ ಬಂದರು.

ಬಸ್ಸುಗಳು ನಿಲ್ಲಲಿಲ್ಲ.

ಮೊದಲನೆಯದು ಹಾರನ್ ಹೊಡೆದುಕೊಂಡು ಮುಂದೆ ಹೋಯಿತು. ಎರಡನೆಯದರ ಕಿಟಕಿಗಳಿಂದ ಬೀಗರು ಕೈ ಬೀಸಿದರು. ಮೇಷ್ಟ್ರೂ ಹಾರ ಹಿಡಿದ ಕೈಯನ್ನೇ ಬೀಸಿದರು, ಇನ್ನೇನು ಮಾಡುವುದು ಅಂತ ತಿಳಿಯದೆ. ಹಿಂದೆ ಬಂದ ಮೂರು ಕಾರೂ ಹೋದವು. ವಾಲಗದವರು ನಿಲ್ಲಿಸಬೇಕೋ ಬೇಡವೋ ಗೊತ್ತಾಗದೆ ಖಾಲಿ ರಸ್ತೆಗೆ ಊದುತ್ತಲೇ ಇದ್ದರು.

ಮೇಷ್ಟ್ರು ಫೋನು ಮಾಡಿ ಸ್ಪೀಕರ್ ಹಾಕಿದರು. ತೆಗೆದುಕೊಂಡದ್ದು ಗೌರಮ್ಮ. ‘ಬೀಗ್ರೇ, ನಮ್ಮ ಹೆಂಗಸ್ರೆಲ್ಲ ಬೈಲಕುಪ್ಪೆ ಬುದ್ಧನ್ನ ನೋಡೇ ಇಲ್ಲ ಕಣ್ರೀ. ಉಂಡಮ್ಯಾಕೆ ಯಾರ್ ಓಯ್ತಾರೆ, ಹೊಟ್ಟೆ ಭಾರ, ನಿದ್ದೆ ಬತ್ತದೆ. ನೋಡ್ಕೊಂಡು ಅರ್ಧ ಗಂಟೇಲಿ ಬಂದ್ಬುಡ್ತೀವಿ. ಊಟ ಬಿಸಿಯಾಗಿ ಮಡಗಿರಿ!’

ಕೊನೇ ಮಾತು ಹೇಳಿ ನಕ್ಕಿದ್ದು ನಮಗೂ ಕೇಳಿಸಿತು. ಹಿಂದೆ ಇನ್ನಾರೋ ನಕ್ಕರು. ಅದೇ ಬಸ್ಸಿನಲ್ಲಿ ಕಾವ್ಯ ಇದ್ದಳು.

ಮೇಷ್ಟ್ರು ಹಾರವನ್ನು ಕುರ್ಚಿಯ ಮೇಲಿಟ್ಟು, ‘ಅರ್ಧ ಗಂಟೆ ಅಂದ್ರಲ್ಲ, ಹಾಟ್ ಬಾಕ್ಸಿಗೆ ತುಂಬಿಸೋಣ’ ಅಂದರು.

‘ನೂರೈವತ್ತು ಜನ ಬಸ್ಸಿಳೀಬೇಕು, ಚಪ್ಪಲಿ ಬುಡಬೇಕು, ಫೋಟೋ ತೆಗೀಬೇಕು, ಒಬ್ಬ ತಪ್ಪಿಸ್ಕೋಬೇಕು, ಅವನ್ನ ಹುಡುಕಬೇಕು. ಎರಡು ಗಂಟೆ’ ಅಂದೆ. ‘ಈ ಮುದ್ದೆ ಅವರಿಗೆ ಆಗಲ್ಲ. ನಿಮ್ಮೂರೋರನ್ನ ಈಗ್ಲೇ ಕೂರ್ಸಿ.’

ಮೇಷ್ಟ್ರು ನಾನು ಮನೆಗೆ ಬೆಂಕಿ ಇಡಿ ಅಂದ ಹಾಗೆ ನೋಡಿದರು. ನಮ್ಮ ಕಡೆ ಬೀಗರು ಉಣ್ಣುವ ಮೊದಲು ಮನೆಯವರು ಎಲೆಯ ಮುಂದೆ ಕೂರುವುದು ಅಂದರೆ ಬೀಗರನ್ನು ಬಾಗಿಲಿಗೆ ನಿಲ್ಲಿಸಿದ ಹಾಗೆ. ತಣ್ಣನೆ ಊಟಕ್ಕೆ ಒಂದು ಮಾತು ಕೇಳಿದ ಹುಡುಗಿ ಇದಕ್ಕೆ ಹತ್ತು ಕೇಳಬೇಕಾಗುತ್ತದೆ. ಅದು ನನಗೂ ಗೊತ್ತಿತ್ತು. ಆದರೆ ಸಿಪ್ಪೆ ಕಟ್ಟಿದ ಮುದ್ದೆಯನ್ನು ಆ ಗೌರಮ್ಮನ ಎಲೆಗೆ ಹಾಕುವುದಕ್ಕಿಂತ ಇದು ವಾಸಿ. ಬುಟ್ಟಿಯ ಬಟ್ಟೆ ತೆಗೆದು ಒಂದು ಮುದ್ದೆಯ ಮೇಲೆ ಬೆರಳಾಡಿಸಿ ತೋರಿಸಿದೆ. ಆಗಲೇ ಮೇಲೆ ತೆಳ್ಳಗೆ ಬಿಗಿಯುತ್ತಿತ್ತು. ಮೇಷ್ಟ್ರು ಮುಖ ತಿರುಗಿಸಿಕೊಂಡು ಗೇಟಿನ ಕಡೆ ಹೋದರು. ನಾನು ಅದನ್ನೇ ಒಪ್ಪಿಗೆ ಅಂದುಕೊಂಡೆ.

ಊರಿನವರು ಕೂರಲು ತಯಾರಿರಲಿಲ್ಲ. ‘ಬೀಗರು ಬರದೆ ಉಂಡ್ರೆ ಊರಿನ ಮಾನ ಏನಾಯ್ತದೆ?’ ಅಂತ ಯಜಮಾನರೊಬ್ಬರು ಎದ್ದು ನಿಂತರು. ಹೊಟ್ಟೆ ಹಸಿದಿದ್ದು ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ಊಟದ ಹಾಲಿನ ನಡುವೆ ನಿಂತು, ‘ಶುಗರ್ ಇರೋರು, ಮಾತ್ರೆ ತಗೊಂಡು ಕೂತಿರೋರು, ಅಷ್ಟು ಜನ ಮಾತ್ರ ಬಂದು ಒಂದೊಂದು ಮುದ್ದೆ ಉಣ್ಣಿ. ತಲೆ ತಿರುಗಿ ಬಿದ್ದೀರಿ’ ಅಂದೆ.

ಯಜಮಾನರು ಸ್ವಲ್ಪ ಯೋಚಿಸಿ, ‘ನಂಗೆ ಶುಗರ್ ಐತೆ’ ಅಂದು ಕೂತರು. ಅವರ ತಮ್ಮನಿಗೂ ಇತ್ತು. ಹತ್ತು ನಿಮಿಷದಲ್ಲಿ ಇಡೀ ಊರಿಗೆ ಶುಗರ್ ಬಂತು. ಇಪ್ಪತ್ತು ವರ್ಷದ ಗಟ್ಟಿಮುಟ್ಟು ಹೈದನೊಬ್ಬ ಬಾಷಣ್ಣನ ಹತ್ತಿರ ಬಂದು, ‘ನಂಗೆ ಮೊನ್ನೆ ತಾನೇ ಬಂದದ್ದು’ ಅಂದ. ಬಾಷಣ್ಣ ಅವನ ಎಲೆಗೆ ಮೂಳೆ ಹಾಕಿ, ‘ಶುಗರ್ ಇರೋರು ಮೂಳೆ ಕಡೀಬೇಕಪ್ಪ, ಒಳ್ಳೇದು’ ಅಂದರು. ವಾಲಗದವರೂ ಕೂತರು. ಒಂದೂ ಮುಕ್ಕಾಲಿಗೆ ಬುಟ್ಟಿಗಳಲ್ಲಿ ಮೂವತ್ತು ಮುದ್ದೆ ಮಾತ್ರ ಉಳಿದಿತ್ತು.

ಈಗ ಬೀಗರಿಗೆ ಬೇರೆ ಮುದ್ದೆ ಆಗಬೇಕು. ಇನ್ನೂರು ಮುದ್ದೆಗೆ ಇಪ್ಪತ್ತು ಕೆ.ಜಿ. ಹಿಟ್ಟು ಬೇಕು, ಉಳಿದದ್ದು ನಾಲ್ಕು. ಪಿರಿಯಾಪಟ್ಟಣದ ಗಿರಣಿಗೆ ಓಡಿದವನು ಕರೆಂಟಿಲ್ಲ ಅಂತ ವಾಪಸ್ಸು ಬಂದ. ಆಗ ನಾನು ಉಂಡು ಕೈ ತೊಳೆಯುತ್ತಿದ್ದ ಹೆಂಗಸರನ್ನು ತಡೆದು ನಿಲ್ಲಿಸಿದೆ. ಭವನದ ಹಿಂದೆಯೇ ಅವರ ಇಪ್ಪತ್ತು ಮನೆಯ ಹಟ್ಟಿ. ‘ಉಂಡಿದ್ದಾಯ್ತಲ್ಲ, ಈಗ ನಿಮ್ಮ ನಿಮ್ಮ ಡಬ್ಬದಲ್ಲಿ ಎಷ್ಟೈತೋ ಅಷ್ಟು ರಾಗಿ ಹಿಟ್ಟು ತನ್ನಿ’ ಅಂದೆ.

ತಂದರು. ಸ್ಟೀಲ್ ಡಬ್ಬ, ಪ್ಲಾಸ್ಟಿಕ್ ಬಕೆಟ್ಟು, ಮಡಿಲು, ಸಿಕ್ಕಿದ್ದರಲ್ಲೆಲ್ಲ. ಇಪ್ಪತ್ತು ಮನೆಯ ಹಿಟ್ಟು ಇಪ್ಪತ್ತು ಬಣ್ಣ. ಒಂದು ನುಣ್ಣಗೆ, ಒಂದು ತರಿ. ನಾನು ಒಂದೊಂದನ್ನೂ ನಾಲಿಗೆಗೆ ಹಾಕಿ ನೋಡಿದೆ. ಒಬ್ಬಳದು ಮುಗ್ಗುಲು ಹಿಡಿದಿತ್ತು, ವಾಪಸ್ಸು ಕೊಟ್ಟೆ.

‘ಯಾಕವ್ವ, ನಾವು ಇದನ್ನೇ ಉಣ್ಣದು’ ಅಂದಳು.

‘ಅದಕ್ಕೇ ನಿನ್ನ ಗಂಡ ಹೋಟ್ಲಲ್ಲಿ ಇರ್ತಾನೆ’ ಅಂದೆ.

ಇನ್ನೊಬ್ಬಳು ತಂದದ್ದು ಏಲಕ್ಕಿ ಹಾಕಿ ಹುರಿದ ಮಗುವಿನ ಮಾಲ್ಟು. ಅದನ್ನೂ ಪಕ್ಕಕ್ಕಿಟ್ಟೆ. ಮಿಕ್ಕದ್ದನ್ನೆಲ್ಲ ಒಟ್ಟಿಗೆ ಸುರಿದು ಎರಡು ಸಲ ಜರಡಿ ಹಿಡಿಸಿದೆ. ತರಿ ಬೇರೆ ಬಂತು, ಅದನ್ನು ಎಸರಿಗೆ ಮೊದಲು ಹಾಕುವ ಹಾಗೆ ಇಟ್ಟೆ. ತರಿ ಮುಂಚೆ ಬೆಂದರೆ ಮುದ್ದೆ ಕಚ್ಚಿಕೊಳ್ಳುತ್ತದೆ. ಹದಿನೆಂಟು ಕೆ.ಜಿ. ಆಯಿತು, ನಮ್ಮ ನಾಲ್ಕೂ ಸೇರಿ ಇಪ್ಪತ್ತೆರಡು.

ಎರಡು ಗಂಟೆಗೆ ಮೇಷ್ಟ್ರು ಶೆಡ್ಡಿಗೆ ಬಂದು, ‘ಆಲ್ರೆಡಿ ಹೊರಟ್ರಂತೆ. ಹಿಟ್ಟು ಹಾಕಿ’ ಅಂದರು.

‘ಹೊರಡ್ಲಿ.’

ಎರಡೂ ಹತ್ತಕ್ಕೆ ಮತ್ತೆ ಬಂದರು. ‘ಆಲ್ರೆಡಿ ಬಸ್ ಹತ್ತಿದ್ರಂತೆ.’

‘ಹತ್ಲಿ.’

‘ಚಿಕ್ಕತಾಯಮ್ಮ, ಬಂದು ಕೂತ ಮೇಲೆ ಇಪ್ಪತ್ತೈದು ನಿಮಿಷ ಖಾಲಿ ಎಲೆ ಮುಂದೆ ಕೂರಿಸೋಕಾಗುತ್ತಾ? ಏನು ಮಾಡ್ಲಿ ನಾನು ಅಷ್ಟು ಹೊತ್ತು?’

‘ಮೂವತ್ತೈದು ವರ್ಷ ಹಸಿದ ಮಕ್ಕಳನ್ನ ಊಟದ ಬೆಲ್ ಗಂಟ ಕೂರಿಸಿದ್ದೀರಿ. ಅದನ್ನೇ ಮಾಡಿ’ ಅಂದೆ.

ಬಸ್ಸುಗಳು ಬಂದಾಗ ಎರಡೂಮುಕ್ಕಾಲು. ಗೌರಮ್ಮ ಕೆಳಗಿಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ನಾನು ಎಸರಿಗೆ ಹಿಟ್ಟು ಹಾಕಿಸಿದೆ. ಎತ್ತರದ ಹೆಂಗಸು, ಕೈಯಲ್ಲಿ ಬಣ್ಣ ಬಣ್ಣದ ಬಾವುಟದ ಸರ. ಹಿಂದೆ ಬಂದವರಲ್ಲಿ ಅರ್ಧ ಜನ ಬಾಯಿ ಒರೆಸಿಕೊಳ್ಳುತ್ತಿದ್ದರು. ಬೈಲಕುಪ್ಪೆಯ ಟಿಬೆಟಿನವರ ಅಂಗಡಿಯಲ್ಲಿ ಮೊಮೊ ಕಡುಬು ತಿಂದಿದ್ದರು! ಹಾರ, ಪನ್ನೀರು, ಕೈಕಾಲಿಗೆ ನೀರು, ಎಲ್ಲ ಸೇರಿ ಹತ್ತು ನಿಮಿಷ ಹೋಯಿತು. ಎಲೆ ಹಾಕಿ, ಉಪ್ಪು, ಈರುಳ್ಳಿ, ನಿಂಬೆಹಣ್ಣು ಬಡಿಸಿದ್ದಾಯಿತು. ಇನ್ನೂ ಹದಿನೈದು ನಿಮಿಷ ಬೇಕಿತ್ತು. ಮೇಷ್ಟ್ರು ಮೈಕು ಹಿಡಿದರು.

ಶೆಡ್ಡಿನ ಬಾಗಿಲು ಹಾಲಿಗೆ ತೆರೆದಿತ್ತು, ಹಿಟ್ಟು ತಿರುವುತ್ತಲೇ ಎಲ್ಲ ಕೇಳಿಸಿಕೊಂಡೆ. ಸ್ವಾಗತ, ಸಂತೋಷ, ಸಂಬಂಧ, ಎಲ್ಲ ಎರಡು ನಿಮಿಷಕ್ಕೆ ಮುಗಿದುಹೋಯಿತು. ಆಮೇಲೆ ಮನುಷ್ಯನಿಗೆ ಏನು ಹೇಳಬೇಕೋ ತೋಚಲಿಲ್ಲ. ಬೆಳಗ್ಗಿನಿಂದ ಅವರ ಕಿವಿಯಲ್ಲಿ ಒಂದೇ ಪದ ತಿರುಗುತ್ತಿತ್ತು. ಅದನ್ನೇ ಹಿಡಿದುಕೊಂಡರು.

‘ಬಂಧುಗಳೇ, ನಾವೆಲ್ಲ ದಿನಾ ಹೇಳುವ ಆಲ್ರೆಡಿ ಅನ್ನೋ ಪದ ಎಲ್ಲಿಂದ ಬಂತು ಅಂತ ಎಷ್ಟು ಜನಕ್ಕೆ ಗೊತ್ತು?’

ಯಾರಿಗೂ ಗೊತ್ತಿರಲಿಲ್ಲ. ಯಾರಿಗೂ ಬೇಕಾಗಿಯೂ ಇರಲಿಲ್ಲ.

‘ಇದು ಮೊದಲು ಎರಡು ಪದ. ಆಲ್ ಅಂದ್ರೆ ಎಲ್ಲ, ರೆಡಿ ಅಂದ್ರೆ ಸಿದ್ಧ. ಆರೇಳುನೂರು ವರ್ಷದ ಹಿಂದೆ ಇಂಗ್ಲಿಷ್ ಜನ ಎಲ್ಲ ಅಣಿಯಾಗಿದೆ, ಪೂರ್ತಿ ಸಿದ್ಧ ಅನ್ನೋದಕ್ಕೆ ಇದನ್ನ ಹೇಳ್ತಿದ್ರು. ಅದರಲ್ಲಿ ಹೊತ್ತಿನ ಮಾತೇ ಇರಲಿಲ್ಲ. ಬರ್ತಾ ಬರ್ತಾ, ಸಿದ್ಧವಾಗಿದೆ ಅಂದ್ರೆ ಮುಂಚೆಯೇ ಆಗಿದೆ ಅಂತ ತಾನೇ ಅಂದ್ಕೊಂಡು, ಆಗಲೇ ಅನ್ನೋ ಅರ್ಥಕ್ಕೆ ಜಾರಿಸಿಬಿಟ್ರು. ಇನ್ನು ರೆಡಿ. ಅದು ಸವಾರಿ ಅನ್ನೋ ಅರ್ಥದ ರೈಡ್ ಪದದ ನೆಂಟ ಅಂತ ತಿಳಿದವರು ಹೇಳ್ತಾರೆ. ಕುದುರೆಗೆ ಜೀನು ಬಿಗಿದು, ಹತ್ತೋಕೆ ಅಣಿಯಾಗಿ ನಿಲ್ಲಿಸಿದ ಸ್ಥಿತಿ...’

‘ನಾವು ಬಸ್ಸಲ್ಲಿ ಬಂದ್ವಿ ಬೀಗ್ರೇ, ಕುದ್ರೆ ಆಮ್ಯಾಕೆ ಕಟ್ಟಿ’ ಅಂದರು ಗೌರಮ್ಮ. ಹಾಲೆಲ್ಲ ನಕ್ಕಿತು.

ಬೇರೆಯವರಾಗಿದ್ದರೆ ಮೈಕು ಇಟ್ಟುಬಿಡುತ್ತಿದ್ದರು. ಮೇಷ್ಟ್ರಿಗೆ ಹಿಂದಿನ ಬೆಂಚಿನ ಮಾತು ಹೊಸದಲ್ಲ. ‘ಒಳ್ಳೆ ಪ್ರಶ್ನೆ’ ಅಂದು ಮುಂದುವರಿಸಿದರು. ನಾನೂ ಪುಟ್ಟಲಕ್ಷ್ಮಿಯೂ ಒಂದು ಕೊಪ್ಪರಿಗೆ ತಿರುವಿ ಎರಡನೆಯದಕ್ಕೆ ಬಂದಿದ್ದೆವು. ಇಪ್ಪತ್ತು ಮನೆಯ ಹಿಟ್ಟು ಮೊದಲು ಹಟ ಮಾಡಿತು, ಆಮೇಲೆ ಒಂದಾಯಿತು. ಕೋಲು ಭಾರವಾಗಿ ತಿರುಗುತ್ತಿತ್ತು. ಇನ್ನು ಆರೇ ನಿಮಿಷ.

ಅಷ್ಟರಲ್ಲಿ ಮೇಷ್ಟ್ರು ಮೇಷ್ಟ್ರ ಬುದ್ಧಿ ತೋರಿಸಿದರು. ಯಾವ ಪದ ಕಲಿಸಿದರೂ ಒಂದು ವಾಕ್ಯದಲ್ಲಿ ಉದಾಹರಣೆ ಕೊಡದೆ ಬಿಟ್ಟವರಲ್ಲ.

‘ಉದಾಹರಣೆಗೆ, ಇವತ್ತು ಹನ್ನೆರಡೂ ಇಪ್ಪತ್ತಕ್ಕೇ ಆರುನೂರಿಪ್ಪತ್ತು ಮುದ್ದೆ ಆಲ್ರೆಡಿ ಆಗಿಹೋಗಿತ್ತು.’

ಹಾಲಿನಲ್ಲಿ ಎಲ್ಲರ ತಲೆ ಮೈಕಿನ ಕಡೆ ತಿರುಗಿತು.

‘ಆ ಮುದ್ದೆ ಎಲ್ಲಿ ಬೀಗ್ರೇ?’ ಅಂದರು ಗೌರಮ್ಮ, ಮೆತ್ತಗೆ. ಆಮೇಲೆ ಸುತ್ತ ನೋಡಿದರು. ಗೋಡೆಯ ಬದಿಗೆ ಯಜಮಾನರು ಕಡ್ಡಿಯಲ್ಲಿ ಹಲ್ಲು ಕುಕ್ಕಿಕೊಳ್ಳುತ್ತಿದ್ದರು. ‘ನಮಗಿಂತ ಮುಂಚೆ ಪಂಕ್ತಿ ಆಗೋಯ್ತಾ?’

ಮೇಷ್ಟ್ರು ಮೈಕು ಕೆಳಗಿಳಿಸಿದರು. ಗೌರಮ್ಮನ ಪಕ್ಕದ ಎಲೆಯಲ್ಲಿ ಕಾವ್ಯ ತಲೆ ತಗ್ಗಿಸಿ ಕೂತಿದ್ದಳು. ಇನ್ನೂ ಕಟ್ಟಿ ಮುಗಿದಿದ್ದು ನಲವತ್ತೇ ಮುದ್ದೆ. ಅಷ್ಟನ್ನೇ ಬುಟ್ಟಿಗೆ ಹಾಕಿಕೊಂಡು ನಾನೇ ಒಳಗೆ ಹೋದೆ. ಸಾಮಾನ್ಯವಾಗಿ ನಾವು ಹಾಲಿಗೆ ಕಾಲಿಡುವವರಲ್ಲ.

‘ಆಯ್ತು. ಮೇಷ್ಟ್ರಲ್ಲ, ನಾನೇ ಕೂರಿಸ್ದೆ’ ಅಂದೆ. ‘ನೀವು ಗೇಟಿನ ಮುಂದೇನೇ ಹೋದ್ರಿ, ಈ ಮನುಷ್ಯ ಹಾರ ಹಿಡ್ಕೊಂಡು ನಿಂತಿದ್ರು. ನಿಮಗೆ ಅಂತ ಮಾಡಿದ ಮುದ್ದೆ ಆರೋಯ್ತಿತ್ತು, ಊರೋರಿಗೆ ಇಕ್ಬುಟ್ಟೆ. ಆರಿದ್ದು ಅವರು ಉಂಡ್ರು. ಹಟ್ಟಿಯೋರ ಡಬ್ಬದ ತಳ ಬಳಿದು ನಿಮಗೆ ಬ್ಯಾರೆ ಮಾಡಿವ್ನಿ. ತಪ್ಪಾಗಿದ್ರೆ ನಂಗೆ ಬಯ್ಯಿ, ಆ ಮಗೀಗಲ್ಲ.’

ಮುದ್ದೆ ತೆಗೆದು ಅವರ ಎಲೆಗೆ ಇಟ್ಟೆ.

ಗೌರಮ್ಮ ನನ್ನನ್ನು ಒಂದು ಸಲ ನೋಡಿ, ಹೆಬ್ಬೆರಳಿನಿಂದ ಮುದ್ದೆ ಒತ್ತಿದರು. ಒತ್ತಿದ ಕೂಡಲೇ ‘ಅಯ್ಯಪ್ಪಾ’ ಅಂತ ಕೈ ಕಿತ್ತು ಬೆರಳನ್ನು ಬಾಯಿಗೆ ಹಾಕಿಕೊಂಡರು. ಬೆರಳು ಕೆಂಪಗಾಗಿತ್ತು. ಯಾರೂ ನಗಲಿಲ್ಲ. ಒಬ್ಬಳು ನಕ್ಕಳು. ಕಾವ್ಯ. ಬಾಯಿ ಮುಚ್ಚಿಕೊಂಡಳು, ಆದರೂ ನಗು ಬೆರಳ ಸಂದಿಯಿಂದ ಬಂತು.

ಗೌರಮ್ಮ ಬೆರಳು ಬಾಯಿಂದ ತೆಗೆದು ಅವಳ ಕಡೆ ತಿರುಗಿದರು. ‘ನಗ್ತೀಯೇನೆ? ಸಾರು ಹಾಕ್ಸು, ಇದು ಆರೋಕೆ ಮುಂಚೆ ಉಣ್ಣನ.’ ಆಮೇಲೆ ತಮ್ಮ ಕಡೆಯವರಿಗೆಲ್ಲ ಕೇಳುವ ಹಾಗೆ, ‘ತಡ ಮಾಡಿದ್ದು ನಾವು. ಬಾಯಿ ಮುಚ್ಕೊಂಡು ಉಣ್ರಿ’ ಅಂದರು.

ಮೊಮೊ ತಿಂದು ಬಂದ ಹೆಂಗಸು ಎರಡೂವರೆ ಮುದ್ದೆ ಉಂಡರು. ಹೊರಡುವಾಗ ಶೆಡ್ಡಿಗೆ ಬಂದು, ಯಾವೂರ ಹಿಟ್ಟು ಇದು, ಇಷ್ಟು ಕಂಪು ಯಾಕೈತೆ ಅಂತ ಕೇಳಿದರು. ಪಕ್ಕಕ್ಕಿಟ್ಟಿದ್ದ ಮಾಲ್ಟಿನ ಡಬ್ಬ ಖಾಲಿಯಾಗಿದ್ದನ್ನು ನಾನು ಆಗ ನೋಡಿದೆ. ಪುಟ್ಟಲಕ್ಷ್ಮಿ ಒಲೆಯ ಕಡೆ ತಿರುಗಿ ನಿಂತಿದ್ದಳು. ‘ಅದು ನಮ್ಮ ಕಸುಬಿನ ಗುಟ್ಟು ಕಣವ್ವ’ ಅಂದೆ.

ಕಾವ್ಯ ಮುಂದಿನ ಯುಗಾದಿಗೆ ತೌರಿಗೆ ಬಂದಾಗ ನನ್ನನ್ನು ನೋಡಲು ಬಂದಿದ್ದಳು. ಕಾಫಿ ಕೊಟ್ಟರೆ ಗೌರಮ್ಮ ಈಗಲೂ ಲೋಟ ಮುಟ್ಟಿ ನೋಡುತ್ತಾರಂತೆ. ಆದರೆ ಈಗ ಊದಿಕೊಂಡು ಕುಡಿಯುತ್ತಾರಂತೆ. ಸಾಕಲ್ಲ.

ಆ ದಿನದಿಂದ ನಾನು ಕ್ರಮ ಬದಲಾಯಿಸಿದೆ. ಹಿಟ್ಟು ಕಾಲು ಭಾಗ ಹೆಚ್ಚಿಗೆ ಒಯ್ಯುತ್ತೇವೆ. ಯಾರ ಫೋನನ್ನೂ ಕೇಳುವುದಿಲ್ಲ, ಡ್ರೈವರದನ್ನೂ. ಎಸರು ಮಳ್ಳುತ್ತಿರುತ್ತದೆ, ಹಿಟ್ಟು ಜರಡಿ ಹಿಡಿದಿರುತ್ತದೆ, ಹೆಂಗಸರು ಕೈಗೆ ನೀರು ಹಚ್ಚಿಕೊಂಡು ಕೂತಿರುತ್ತಾರೆ. ಹಿಟ್ಟು ಬೀಳುವುದು ಜನ ಎಲೆಯ ಮುಂದೆ ಕೂತ ಮೇಲೆಯೇ. ಅಷ್ಟು ಹೊತ್ತು ಬೈಯುತ್ತಾರೆ, ಮನೆಯವರು ಒಂದು ಕಡೆಯಿಂದ, ಬೀಗರು ಇನ್ನೊಂದು ಕಡೆಯಿಂದ. ಪುಟ್ಟಲಕ್ಷ್ಮಿಗೆ ಕೋಲು ಕೊಡುವಾಗ ನಾನು ಹೇಳಿದ್ದು ಇಷ್ಟೇ: ಮುದ್ದೆ ತಿರುವಲು ತೋಳು ಬೇಕು, ಅದು ನಿನಗಿದೆ. ಇಪ್ಪತ್ತೈದು ನಿಮಿಷ ಬೈಸಿಕೊಂಡು ಸುಮ್ಮನೆ ನಿಲ್ಲುವುದನ್ನು ಕಲಿ. ಮಿಕ್ಕದ್ದು ರಾಗಿ ನೋಡಿಕೊಳ್ಳುತ್ತದೆ.